ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್, ಮೂರು ವರ್ಷದ ಬಳಕೆಯ ನಂತರ: ನಾಲ್ಕು ಸ್ಟಾರ್, ಒಂದು ಕಪ್ಪು ಟೇಪು

ಇಂಡಕ್ಷನ್ ಒಲೆ ಮೇಲೆ ಫಳಫಳ ಹೊಳೆಯುವ ಸ್ಟೀಲ್ ಪಾತ್ರೆ, ಒಳಗೆ ಕೊತಕೊತ ಕುದಿಯುವ ನೀರು. ಪಾತ್ರೆಯ ಪಕ್ಕಕ್ಕೆ ಗನ್ ಹಿಡಿದರೆ ತೋರಿಸುವುದು 50 ಡಿಗ್ರಿಯ ಆಸುಪಾಸು. ಗನ್ ಕೆಟ್ಟಿಲ್ಲ. ಹೊಳಪು ಸ್ಟೀಲಿನ ಎಮಿಸಿವಿಟಿ (ಬಿಸಿಯನ್ನು ಇನ್‌ಫ್ರಾರೆಡ್ ಕಿರಣವಾಗಿ ಹೊರಸೂಸುವ ಸಾಮರ್ಥ್ಯ, 0ಯಿಂದ 1ರ ಅಳತೆಯಲ್ಲಿ) ಸುಮಾರು 0.2, ಗನ್ ಲೆಕ್ಕ ಹಾಕುವುದು 0.95 ಎಂದುಕೊಂಡು. ಸೆನ್ಸರ್‌ಗೆ ಸಿಗುವುದರಲ್ಲಿ ಪಾತ್ರೆಯದು ಸ್ವಲ್ಪವೇ, ಮಿಕ್ಕಿದ್ದು ಎದುರಿನ ಗೋಡೆಯ ಪ್ರತಿಬಿಂಬ. ‘ತಪ್ಪು ತೋರಿಸುತ್ತೆ’ ಎಂದು ಒಂದೇ ಸ್ಟಾರ್ ಕೊಡುವವರು ಬಹುಶಃ ಅಳೆದಿರುವುದು ಇಂಥದ್ದನ್ನೇ.

ಎಣ್ಣೆ ಕುಡಿದು ಕಪ್ಪಾದ ದೋಸೆ ಕಾವಲಿ, ಮಣ್ಣಿನ ಮಡಕೆ, ಪೇಂಟ್ ಹೊಡೆದ ಮೋಟಾರ್, ಪ್ಲಾಸ್ಟಿಕ್ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇವಕ್ಕೆಲ್ಲ 0.95 ಸಾಕು, ಯೋಚಿಸಬೇಕಿಲ್ಲ. ತಕರಾರು ಬರಿ ಲೋಹದ್ದು. ವಿದ್ಯುತ್ ಪ್ಯಾನೆಲ್ ಒಳಗಿನ ಹೊಳೆಯುವ ತಾಮ್ರದ ಬಸ್‌ಬಾರ್ (ಕರೆಂಟ್ ಹರಿಯುವ ಪಟ್ಟಿ) ಕಾದು ಸುಡುತ್ತಿದ್ದರೂ ಗನ್ ‘ತಣ್ಣಗಿದೆ’ ಅನ್ನುತ್ತದೆ. ಇದು ಬರೀ ತಪ್ಪಲ್ಲ, ಅಪಾಯ.

ಪರಿಹಾರ ಎಲೆಕ್ಟ್ರಿಷಿಯನ್‌ಗಳ ಕಪ್ಪು ಪಿವಿಸಿ ಟೇಪು. ಅಗಲ 18 ಮಿ.ಮೀ. ಮಾತ್ರ ಇರುವುದರಿಂದ ಮೂರು ಪಟ್ಟಿ ಪಕ್ಕಪಕ್ಕ, ಗಾಳಿಗುಳ್ಳೆ ಉಳಿಯದಂತೆ ಒತ್ತಿ ಅಂಟಿಸಿ (ಪ್ಯಾನೆಲ್ ಆದರೆ ಮೊದಲು ಸಪ್ಲೈ ಆಫ್). ಐದು ನಿಮಿಷ ಬಿಟ್ಟು, 20 ಸೆಂ.ಮೀ. ದೂರದಿಂದ 0.95ರಲ್ಲಿ ಟೇಪನ್ನು ಅಳೆಯಿರಿ. ನಂತರ ಪಕ್ಕದ ಬರಿ ಲೋಹಕ್ಕೆ ಹಿಡಿದು, ಅದೇ ಅಂಕಿ ಬರುವವರೆಗೆ ಎಮಿಸಿವಿಟಿ ಇಳಿಸುತ್ತ ಹೋಗಿ. ಅಳೆಯುವ ವಸ್ತು ಕೋಣೆಗಿಂತ ಕನಿಷ್ಠ 20 ಡಿಗ್ರಿ ಬಿಸಿ ಇರಲಿ. 80 ಡಿಗ್ರಿ ದಾಟಿದರೆ ಟೇಪಿನ ಅಂಟು ಬಿಡುತ್ತದೆ. ಅಲ್ಲಿಗೆ ಬೈಕ್ ಸೈಲೆನ್ಸರ್‌ಗೆ ಹೊಡೆಯುವ ಮ್ಯಾಟ್ ಕಪ್ಪು ಪೇಂಟೇ ಸರಿ. ಎಮಿಸಿವಿಟಿ 0.2ಕ್ಕಿಂತ ಕೆಳಗೆ ಬಂದರೆ ಸೆಟ್ಟಿಂಗ್ ನಂಬಬೇಡಿ: ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ಅಂಕಿಯೂ ಸರಿದರೆ, ಅಳೆಯುತ್ತಿರುವುದು ನಿಮ್ಮನ್ನೇ.

ಲೇಸರ್ ಚುಕ್ಕೆ ಬರೀ ಗುರಿಗೆ. 12:1 ಗನ್ (ದೂರ ಮತ್ತು ಅಳೆಯುವ ವೃತ್ತದ ವ್ಯಾಸದ ಅನುಪಾತ) 60 ಸೆಂ.ಮೀ. ದೂರದಿಂದ 5 ಸೆಂ.ಮೀ. ವ್ಯಾಸದ ವೃತ್ತದ ಸರಾಸರಿ ಕೊಡುತ್ತದೆ.

ಆರು ತಿಂಗಳಿಗೊಮ್ಮೆ ಪುಡಿ ಐಸ್‌ಗೆ ಸ್ವಲ್ಪ ನೀರು ಹಾಕಿ, ಕಲಕಿ, ಅಳೆಯಿರಿ. 0ಗಿಂತ 2 ಡಿಗ್ರಿ ಆಚೀಚೆ ಇದ್ದರೆ ಪರವಾಗಿಲ್ಲ. ಕುದಿನೀರಲ್ಲಿ ಪರೀಕ್ಷಿಸಿದರೆ ಹಬೆ ಲೆನ್ಸಿಗೆ ಕೂರುತ್ತದೆ. ಮೇಲಾಗಿ ಬೆಂಗಳೂರಿನ ಎತ್ತರಕ್ಕೆ ನೀರು ಕುದಿಯುವುದೇ 97ರ ಹತ್ತಿರ. ಎಸಿ ಕೋಣೆಯಿಂದ ತಂದ ಗನ್‌ಗೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಕೊಡಿ.

ಒಂದು ಸ್ಟಾರ್ ಕಡಿತ ಯಾಕೆಂದರೆ, ಆಫ್ ಮಾಡಿದರೂ ಹಳೆಯ ಎಮಿಸಿವಿಟಿ ಹಾಗೇ ಉಳಿಯುತ್ತದೆ, ಪರದೆಯಲ್ಲಿ ಮೂಲೆಯ ಸಣ್ಣ ಅಕ್ಷರ ಬಿಟ್ಟರೆ ಬೇರೆ ಸುಳಿವಿಲ್ಲ. 0.30ರಲ್ಲಿ ಮರೆತು ಬಿಟ್ಟರೆ ಮಾರನೇ ದಿನ 200 ಡಿಗ್ರಿಯ ಕಾವಲಿ ಪರದೆಯಲ್ಲಿ 300 ದಾಟಿರುತ್ತದೆ.