ಕೆನಡಾದ ಚುನಾವಣೆ: ತಾನೇ ಕರೆಯುವುದೋ, ಕೆಡವುವವರೆಗೆ ಕಾಯುವುದೋ?

ಬಹುಮತವಿಲ್ಲದ ಕೆನಡಾ ಪ್ರಧಾನಿಗೆ ಎರಡು ದಾರಿ: ಗವರ್ನರ್ ಜನರಲ್ (ಅಲ್ಲಿ ರಾಜನ ಪ್ರತಿನಿಧಿ) ಬಳಿ ಹೋಗಿ ತಾನೇ ಸಂಸತ್ತಿನ ವಿಸರ್ಜನೆ ಕೇಳುವುದು, ಇಲ್ಲವೇ ಸದನದಲ್ಲಿ ವಿಶ್ವಾಸ ಕಳೆದುಕೊಂಡು ಬೀಳುವವರೆಗೆ ಕಾಯುವುದು.

ತಾನೇ ಕರೆದರೆ ಮುಹೂರ್ತ ತನ್ನದು. ಆದರೆ 'ಈಗ್ಯಾಕೆ?' ಎಂಬ ಪ್ರಶ್ನೆಗೂ ತಾನೇ ಉತ್ತರಿಸಬೇಕು. 2021ರಲ್ಲಿ ಕೋವಿಡ್ ನಡುವೆ ಚುನಾವಣೆ ಕರೆದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊಗೆ ಸಿಕ್ಕಿದ್ದು 160 ಸ್ಥಾನ. 2019ರಲ್ಲಿ ಗೆದ್ದದ್ದು 157. ಇಷ್ಟಕ್ಕೆ ಅಷ್ಟೆಲ್ಲ ಗದ್ದಲ!

ಟ್ರುಡೊ ನಂತರ ಪ್ರಧಾನಿಯಾದ ಮಾರ್ಕ್ ಕಾರ್ನಿ ಇದೇ ದಾರಿಯನ್ನು ಚುರುಕಾಗಿ ಬಳಸಿದರು. 2025ರ ಮಾರ್ಚ್ 14ಕ್ಕೆ ಪ್ರಮಾಣವಚನ, ಅದೇ ದಿನ ಗ್ರಾಹಕರ ಮೇಲಿನ ಕಾರ್ಬನ್ ತೆರಿಗೆಗೆ (ಇಂಧನ ಬಳಕೆಯ ಮೇಲಿನ ತೆರಿಗೆ) ಎಳ್ಳುನೀರು, 23ಕ್ಕೆ ಚುನಾವಣೆ ಘೋಷಣೆ. ತೆರಿಗೆ ತೆಗೆಯಿರಿ ಎಂದು ಊರೂರು ಸುತ್ತಿದ್ದ ವಿರೋಧ ಪಕ್ಷದ ನಾಯಕ ಪೊಯಿಲಿಯೆವ್ ಕೈಯ ಅಸ್ತ್ರವೇ ಮೊಂಡಾಯಿತು. ಟ್ರಂಪ್ ಸುಂಕದ ಮೇಲಿನ ಸಿಟ್ಟೂ ಕಾರ್ನಿಗೆ ಒದಗಿತು. ಬಂದದ್ದು 169, ಬಹುಮತಕ್ಕೆ 3 ಕಡಿಮೆ. ಅಂದಹಾಗೆ, ಅವರು ನಿಂತ ನೆಪಿಯನ್ ಕ್ಷೇತ್ರ ತುಮಕೂರು ಮೂಲದ ಚಂದ್ರ ಆರ್ಯ ಅವರದಾಗಿತ್ತು. ಆರ್ಯರಿಗೆ ಆ ಸಲ ಪಕ್ಷದ ಟಿಕೆಟ್ ಸಿಗಲಿಲ್ಲ.

ಕಾಯುವುದು? 1979ರಲ್ಲಿ ಬಜೆಟ್ ಮೇಲೆ ಬಿದ್ದ ಜೋ ಕ್ಲಾರ್ಕ್, 2005ರಲ್ಲಿ ಬಿದ್ದ ಪಾಲ್ ಮಾರ್ಟಿನ್, ಈ ಇಬ್ಬರು ಪ್ರಧಾನಿಗಳೂ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು. ಆದರೆ 2011ರಲ್ಲಿ ಪ್ರಧಾನಿ ಹಾರ್ಪರ್ ಬಿದ್ದರೂ ಬಹುಮತದೊಂದಿಗೆ ಎದ್ದರು. ನನ್ನನ್ನು ಕೇಳಿದರೆ, ಹೇಳಿಕೊಳ್ಳಲು ಗಟ್ಟಿ ಕಾರಣವಿದ್ದರೆ ಮೊದಲ ದಾರಿಯೇ ವಾಸಿ.