ಮಾನೊಸ್ಪಾಟ್ ಸಾಕೇ, ಇಬಿವಿ ಪ್ಯಾನೆಲ್ ಬೇಕೇ?

ಗಂಟಲು ಹುಣ್ಣಾಗಿ, ಕತ್ತಿನ ಹಿಂದೆ ಗಂಟುಗಳೆದ್ದು, ವಾರ ಕಳೆದರೂ ಜ್ವರ ಇಳಿಯದ ಹದಿಹರೆಯದವರಿಗೆ ಲ್ಯಾಬ್‌ಗಳಲ್ಲಿ ಮಾನೊನ್ಯೂಕ್ಲಿಯೋಸಿಸ್ (ಮಾನೊ) ಎಂಬ ಸೋಂಕನ್ನು ಪತ್ತೆಹಚ್ಚಲು ಎರಡು ಪರೀಕ್ಷೆಗಳಿವೆ: ಮಾನೊಸ್ಪಾಟ್ ಮತ್ತು ಎಪ್‌ಸ್ಟೀನ್-ಬಾರ್ ವೈರಸ್ಸಿನ (ಇಬಿವಿ, ಮಾನೊಗೆ ಮುಖ್ಯ ಕಾರಣ) ಆಂಟಿಬಾಡಿ ಪ್ಯಾನೆಲ್. ನಮ್ಮ ಮತ ಪ್ಯಾನೆಲ್‌ಗೆ.

ಮಾನೊಸ್ಪಾಟ್ ನಿಮಿಷಗಳಲ್ಲಿ ಮುಗಿಯುತ್ತದೆ, ಅಗ್ಗ. ಆದರೆ ಅದು ಹುಡುಕುವುದು ವೈರಸ್ಸನ್ನಲ್ಲ. ಎಂಜಲಿನಿಂದ ಬಂದ ವೈರಸ್ಸು ಬಿ ಕೋಶದ (ಆಂಟಿಬಾಡಿ ತಯಾರಿಸುವ ಬಿಳಿ ರಕ್ತಕಣ) ಮೈಮೇಲಿನ ಸಿಡಿ21 ಎಂಬ ಪ್ರೋಟೀನಿಗೆ ಅಂಟಿ ಒಳಹೊಕ್ಕರೆ, ಆ ಕೋಶಗಳು ಕೆರಳಿ ಸಂಬಂಧವಿಲ್ಲದ ಆಂಟಿಬಾಡಿಗಳನ್ನೂ ಸುರಿಯುತ್ತವೆ. ಅವುಗಳಲ್ಲಿ ಕೆಲವು ಕುದುರೆ, ಕುರಿಯ ಕೆಂಪು ರಕ್ತಕಣಗಳನ್ನು ಮುದ್ದೆಗಟ್ಟಿಸುತ್ತವೆ. ಪರೀಕ್ಷೆ ನೋಡುವುದು ಅದನ್ನೇ. ಮೊದಲ ವಾರದಲ್ಲಿ ಸುಮಾರು ಕಾಲು ಭಾಗ ರೋಗಿಗಳಲ್ಲಿ ಸುಳ್ಳು ನೆಗೆಟಿವ್ ಬರಬಹುದು. 4 ವರ್ಷದೊಳಗಿನ ಮಕ್ಕಳಲ್ಲಂತೂ ನೆಚ್ಚುವಂತಿಲ್ಲ.

ಪ್ಯಾನೆಲ್‌ಗೆ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿ) ಸಾಕು, ಉಪವಾಸ ಬೇಡ. ಅದು ವೈರಸ್ಸಿನ ಎರಡು ಗುರುತುಗಳಾದ ವಿಸಿಎ (ಹೊರಕವಚದ್ದು) ಮತ್ತು ಇಬಿಎನ್‌ಎ (ಸೋಂಕಿತ ಕೋಶದ ಕೇಂದ್ರದ್ದು) ವಿರುದ್ಧ ಎದ್ದ ಆಂಟಿಬಾಡಿಗಳನ್ನು ಹುಡುಕುತ್ತದೆ: ಐಜಿಎಂ ಸೋಂಕಿನ ಆರಂಭದ್ದು, ಐಜಿಜಿ ದೀರ್ಘಕಾಲ ಉಳಿಯುವಂಥದ್ದು. ವಿಸಿಎ ಐಜಿಎಂ ಪಾಸಿಟಿವ್, ಇಬಿಎನ್‌ಎ ಐಜಿಜಿ ನೆಗೆಟಿವ್ ಇದ್ದರೆ ಸೋಂಕು ಹೊಸದು. ಐಜಿಎಂ ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಮಾಯವಾಗುತ್ತದೆ. ವಿಸಿಎ ಐಜಿಜಿ ಜೀವನಪರ್ಯಂತ ಉಳಿಯುತ್ತದೆ. ಇಬಿಎನ್‌ಎ ಐಜಿಜಿ ಕಾಣಿಸಲು 2ರಿಂದ 4 ತಿಂಗಳು ಬೇಕು. ವಿಸಿಎ ಐಜಿಜಿ, ಇಬಿಎನ್‌ಎ ಐಜಿಜಿ ಎರಡೂ ಪಾಸಿಟಿವ್ ಇದ್ದು ಐಜಿಎಂ ಇಲ್ಲದಿದ್ದರೆ ಸೋಂಕು ಹಳೆಯದು, ಈಗಿನ ಜ್ವರಕ್ಕೆ ಬೇರೆ ಕಾರಣ ಹುಡುಕಬೇಕು.

ಎಡವಟ್ಟಾಗುವುದು ಒಂದೇ ಪರೀಕ್ಷೆ ಬರೆದಾಗ. ದೊಡ್ಡವರಲ್ಲಿ 90%ಕ್ಕಿಂತ ಹೆಚ್ಚು ಮಂದಿಗೆ ಈ ವೈರಸ್ಸು ಎಂದೋ ತಗುಲಿರುತ್ತದೆ, ಹಾಗಾಗಿ ಬರಿಯ ಐಜಿಜಿ ಪಾಸಿಟಿವ್ ಏನನ್ನೂ ಹೇಳದು. ಬರಿಯ ಐಜಿಎಂ ನೆಚ್ಚಿದರೆ ಸೈಟೊಮೆಗಾಲೊ ವೈರಸ್ಸು (ಇದೇ ಕುಟುಂಬದ ಇನ್ನೊಂದು ವೈರಸ್ಸು), ರುಮಟಾಯ್ಡ್ ಫ್ಯಾಕ್ಟರ್ (ದೇಹದ್ದೇ ಆಂಟಿಬಾಡಿಗಳಿಗೆ ಅಂಟುವ ಆಂಟಿಬಾಡಿ) ಸುಳ್ಳು ಪಾಸಿಟಿವ್ ಕೊಟ್ಟು ದಾರಿ ತಪ್ಪಿಸಬಹುದು.

ಜೊತೆಗೆ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಸ್ಮಿಯರ್ (ರಕ್ತವನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಿ. ಅಲ್ಲಿ ಕಾಣುವ ಅಗಲವಾದ, ಅಂಚು ಸೊಟ್ಟಗಾದ ಲಿಂಫೋಸೈಟ್‌ಗಳು ಸೋಂಕು ತಗುಲಿದ ಬಿ ಕೋಶಗಳಲ್ಲ. ಬಹುಪಾಲು ಅವನ್ನು ಕೊಲ್ಲಲು ಹೊರಟ ಸಿಡಿ8 ಟಿ ಕೋಶಗಳು (ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು). ಜ್ವರ, ಸುಸ್ತು ಹೆಚ್ಚಾಗಿ ಈ ಕಾಳಗದ್ದೇ. ಗೆದ್ದ ಮೇಲೂ ವೈರಸ್ಸು ಮೆಮೊರಿ ಬಿ ಕೋಶಗಳಲ್ಲಿ ಅಡಗಿ ಕೂರುತ್ತದೆ, ಟಿ ಕೋಶಗಳು ಆಯುಷ್ಯವಿಡೀ ಕಾವಲು ಕಾಯುತ್ತವೆ. ಅಂಗಕಸಿಯ ನಂತರ ಇಮ್ಯುನಿಟಿ ತಗ್ಗಿಸುವ ಮಾತ್ರೆ ಸೇವಿಸುವವರಲ್ಲಿ ಈ ಕಾವಲು ಸಡಿಲಾಗಿ ಲಿಂಫೋಮಾ (ಲಿಂಫೋಸೈಟ್ ಕೋಶಗಳ ಕ್ಯಾನ್ಸರ್) ಹುಟ್ಟಬಹುದು. ಅವರಿಗೆ ಪ್ಯಾನೆಲ್ ಸಾಲದು, ರಕ್ತದಲ್ಲಿನ ವೈರಸ್ ಡಿಎನ್‌ಎ ಅಳೆಯುವ ಪಿಸಿಆರ್ ಬೇಕು.

ವರದಿ ಬರುವ ಮುನ್ನ ತಾವಾಗಿಯೇ ಅಮಾಕ್ಸಿಸಿಲಿನ್ (ಆ್ಯಂಟಿಬಯಾಟಿಕ್) ನುಂಗಬೇಡಿ: ವೈರಸ್ಸಿಗೆ ಅದು ತಾಗದು, ಮೈತುಂಬ ಕೆಂಪು ದದ್ದು ಏಳಬಹುದು. ಸೋಂಕು ಹೊಸದೆಂದು ಖಚಿತವಾದರೆ ಗುಲ್ಮ (ಸ್ಪ್ಲೀನ್) ಊದಿರುವ, ಪೆಟ್ಟು ಬಿದ್ದರೆ ಒಡೆಯುವ ಸಂಭವವಿದೆ. ಕನಿಷ್ಠ 3 ವಾರ ಕಬಡ್ಡಿ, ಫುಟ್‌ಬಾಲ್ ಬಿಡಿ, ಎಡಪಕ್ಕೆಲುಬಿನ ಕೆಳಗೆ ಹಠಾತ್ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.