ಟೆಫ್ಲಾನ್ ಕೊಳವೆಯೋ, ಸ್ಟೀಲ್ ಸೂಜಿಯೋ?

ಇನ್ಸುಲಿನ್ ಪಂಪ್ ಅಂದ ಕೂಡಲೇ ಎಲ್ಲರೂ ಕೇಳುವುದು ಪೆಟ್ಟಿಗೆಯ ಬಗ್ಗೆ. ಯಾವ ಕಂಪನಿ, ಎಷ್ಟು ದುಡ್ಡು, ಸ್ನಾನಕ್ಕೆ ಹೋಗುವಾಗ ಏನು ಮಾಡ್ತೀರಿ? ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಚರ್ಮದೊಳಗೆ ಕೂರುವ 6 ಮಿ.ಮೀ. ತುದಿ.

ಹೊಸಬರಿಗೆ ಎರಡು ಮಾತು. ಇನ್ಸುಲಿನ್ ತುಂಬಿಡುವ ಡಬ್ಬಿ ರಿಸರ್ವಾಯರ್. ಅಲ್ಲಿಂದ ಸಣ್ಣ ಟ್ಯೂಬ್, ಅದರ ತುದಿಯಲ್ಲಿ ಹೊಟ್ಟೆಗೆ ಅಂಟುವ ಸೆಟ್. ದಿನವಿಡೀ ಚೂರುಚೂರೇ ಹೋಗುವುದು ಬೇಸಲ್, ಊಟಕ್ಕೆಂದು ಗುಂಡಿ ಒತ್ತಿ ಕೊಡುವುದು ಬೋಲಸ್. ಎರಡಕ್ಕೂ ಬೇಗ ಕೆಲಸ ಮಾಡುವ ಒಂದೇ ಇನ್ಸುಲಿನ್. ಇನ್ಸುಲಿನ್ ಪೆನ್ನಿನ ಕಾಲದಲ್ಲಿ ರಾತ್ರಿ ಚುಚ್ಚಿಕೊಳ್ಳುತ್ತಿದ್ದ, ಬಹಳ ಹೊತ್ತು ಕೆಲಸ ಮಾಡುವ ಇನ್ಸುಲಿನ್ ಈಗ ಮೈಯಲ್ಲಿಲ್ಲ. ಹಾಗಾಗಿ ಸೆಟ್ ಕೈಕೊಟ್ಟರೆ ಕೆಲವೇ ಗಂಟೆಗಳಲ್ಲಿ ಶುಗರ್ ಏರಿ ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ಕೊಬ್ಬು ಕರಗಿದಾಗ ರಕ್ತಕ್ಕೆ ಸೇರುವ ಆಮ್ಲ, ಶುರುವಾಗುತ್ತದೆ.

ಮೊದಲು ಹಾಕಿದ್ದು ಟೆಫ್ಲಾನ್. ಸ್ಪ್ರಿಂಗ್ ಇರುವ ಡಬ್ಬಿ ಒತ್ತಿದರೆ ಟಪ್ ಅಂತ ಒಳಗೆ. ಸೂಜಿ ಎಳೆದರೆ ಮೆತ್ತನೆ ಕೊಳವೆ, ಅಂದರೆ ಕ್ಯಾನುಲಾ, ಅಲ್ಲೇ ಉಳಿಯುತ್ತದೆ. ಖಾಲಿ ಇರುವ ಅದನ್ನು ತುಂಬಲು 0.3 ಯೂನಿಟ್ ಇನ್ಸುಲಿನ್. ಮೂರು ದಿನ ಮೈಮೇಲಿದೆ ಅನ್ನೋದೇ ಮರೆತುಹೋಗುತ್ತದೆ.

ಯುಗಾದಿ ದಿನ ಎರಡು ಹೋಳಿಗೆಗೆ ಲೆಕ್ಕ ಹಾಕಿ ಬೋಲಸ್ ಕೊಟ್ಟೆ. ಮೂರು ಗಂಟೆ ಬಿಟ್ಟು ನೋಡಿದರೆ ಶುಗರ್ 340. "ಇನ್ನೊಂದು ಕದ್ದು ತಿಂದ್ಯೇನೋ?" ಅಂದಳು ಅಮ್ಮ. ಪಂಪ್ ಕಮಕ್ ಕಿಮಕ್ ಅಂದಿರಲಿಲ್ಲ. ಸೆಟ್ ಕಿತ್ತರೆ ಕೊಳವೆ ಶಾವಿಗೆ ಎಳೆಯ ಹಾಗೆ ಮಡಚಿಕೊಂಡಿದೆ. ಅಂಟುಪಟ್ಟಿ ಒದ್ದೆ, ಮೂಗಿಗೆ ಇನ್ಸುಲಿನ್ನಿನ ಆ ಆಸ್ಪತ್ರೆ ವಾಸನೆ. ಔಷಧಿ ಹೇಗೋ ಹೊರಗೆ ಸೋರುತ್ತಿದ್ದರೆ ಪಂಪಿಗೆ ತಡೆ ಗೊತ್ತಾಗುವುದೇ ಇಲ್ಲ. ಕೀಟೋನ್ ನೋಡಿ, ಪೆನ್ನಿನಲ್ಲಿ ಚುಚ್ಚಿಕೊಂಡು, ಹೊಸ ಸೆಟ್ ಹಾಕಿದೆ. ನನ್ನದು ತೆಳ್ಳನೆ ಹೊಟ್ಟೆ. ಎರಡೇ ತಿಂಗಳಲ್ಲಿ ಇದು ಮೂರನೇ ಸಲ.

ಡಾಕ್ಟರನ್ನು ಕೇಳಿ ಸ್ಟೀಲಿಗೆ ಬದಲಾಯಿಸಿದೆ. ಇದರಲ್ಲಿ ಸಣ್ಣ ಸೂಜಿಯೇ ಒಳಗೆ ಉಳಿಯುತ್ತದೆ. ಕೈಯಲ್ಲೇ ಚುಚ್ಚಬೇಕು. ಮೊದಲ ದಿನ ಕನ್ನಡಿ ಮುಂದೆ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಆದರೆ ಮಡಚುವ ಮಾತೇ ಇಲ್ಲ. ಕೊಳವೆ ತುಂಬುವ ಆ 0.3 ಕೂಡ ಬೇಡ. ಟ್ಯೂಬ್ ಬಿಚ್ಚುವ ಜಾಗ ಸೂಜಿಯಿಂದ ಸ್ವಲ್ಪ ದೂರ, ಅದಕ್ಕೆ ಬೇರೆಯೇ ಅಂಟು. ಬಾಗಿಲ ಚಿಲಕಕ್ಕೆ ಟ್ಯೂಬ್ ಸಿಕ್ಕಿ ಜಗ್ಗಿದರೂ ಏಟು ಆ ಅಂಟಿಗೇ. ಸ್ನಾನದಲ್ಲಿ ಪುಟ್ಟ ಬಾಲ ನೇತಾಡುತ್ತದೆ, ಅಷ್ಟೇ.

ತಾಪತ್ರಯ ಇಲ್ಲವೇ? ಇದೆ. ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು, ತಿಂಗಳಿಗೆ 10ರ ಬದಲು 15 ಸೆಟ್. ಖರ್ಚು ಜಾಸ್ತಿ. ಬೆಲ್ಟ್ ತಾಗಿದರೆ ಚುರ್ ಅನ್ನುತ್ತದೆ.

ಆದರೂ ಈಗ ನನ್ನ ಹೊಟ್ಟೆ ಮೇಲಿರುವುದು ಸ್ಟೀಲೇ. ಶಟಲ್ ಆಡುವ ವಾರಾಂತ್ಯಕ್ಕೆ ಮಾತ್ರ ಟೆಫ್ಲಾನ್. ಅದನ್ನು ಹಾಕುವುದು ಬೆಳಿಗ್ಗೆ ತಿಂಡಿಗೆ ಮುಂಚೆ, ಮಲಗುವ ಹೊತ್ತಿಗಂತೂ ಅಲ್ಲ. ಮಡಚಿದ್ದರೆ ಇಡ್ಲಿ ಅರಗುವಷ್ಟರಲ್ಲಿ ಮೀಟರೇ ಹೇಳಿಬಿಡುತ್ತದೆ.